ಅಪ್ಪನ ‘ನೀರಿನ ಮಾತ್ರೆ’ ಯಾವುದು ಅಂತ ನಿಮಗೆ ಗೊತ್ತಾ?

ಸಂಜೆ ಬೆಂಗಳೂರಿನ ರೈಲು ಬಂಗಾರಪೇಟೆಗೆ ಬಂದು ನಿಂತ ಹತ್ತು ನಿಮಿಷಕ್ಕೆ ನಮ್ಮ ಮೆಡಿಕಲ್ ಮುಂದೆ ಜನ ಸೇರ್ತಾರೆ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಲಿ ಫೋನು. ಸ್ಕ್ರೀನ್ ನನ್ನ ಕಡೆ ತಿರುಗಿಸಿ, “ಅಕ್ಕ, ಇದೇ ಮಾತ್ರೆ ಒಂದು ಸ್ಟ್ರಿಪ್” ಅಂತಾರೆ. ಮನೆಯಿಂದ ವಾಟ್ಸಾಪ್‌ನಲ್ಲಿ ಬಂದ ಫೋಟೊ. ಎಷ್ಟೋ ಸಲ ಅದರಲ್ಲಿ ಮಾತ್ರೆಯ ಹೆಸರಿರೋ ತುದಿಯೇ ಹರಿದು ಹೋಗಿರುತ್ತೆ!

ಕಳೆದ ತಿಂಗಳು ಬಂದ ಹುಡುಗ ಕೆಜಿಎಫ್‌ನವನು. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಬೈಕ್ ಇಲ್ಲಿ ಸ್ಟೇಷನ್ ಹತ್ತಿರ ನಿಲ್ಲಿಸಿ ಹೋಗ್ತಾನೆ. ಅವರಪ್ಪ 2001ರಲ್ಲಿ ಗಣಿ ಮುಚ್ಚೋವರೆಗೂ ಅಲ್ಲೇ ದುಡಿದವರು. ಈಗ ಹೃದಯದ ತೊಂದರೆ. “ಅಪ್ಪನ ಕಾಲು ಜಾಸ್ತಿ ಊದಿದೆ ಅಕ್ಕ. ನೀರಿನ ಮಾತ್ರೆ ದಿನಕ್ಕೆ ಎರಡು ಕೊಡೋಣ ಅಂತಿದೀನಿ. ಮಂಡಿ ನೋವಿನ ಮಾತ್ರೆನೂ ಕೊಡಿ, ಖಾಲಿಯಾಗಿದೆ” ಅಂದ.

“ಮಂಡಿ ನೋವಿಗೆ ಯಾವುದು?” ಅಂದೆ. ಡೈಕ್ಲೋಫೆನಾಕ್. ಪಕ್ಕದ ಮನೆಯವರು ಕೊಟ್ಟಿದ್ದಂತೆ. ಐದು ದಿನದಿಂದ ನುಂಗ್ತಿದಾರೆ. ಕಾಲು ಊದೋಕೆ ಶುರುವಾಗಿದ್ದು ಯಾವಾಗ? ಮೂರು ದಿನದಿಂದ.

ಎರಡನ್ನೂ ಕೊಡಲಿಲ್ಲ. “ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಪ್ಪ” ಅಂದೆ. ಮುಖ ಸಣ್ಣದು ಮಾಡ್ಕೊಂಡ, ಆದ್ರೂ ಮಾಡಿದ. ಮರುದಿನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಪೊಟ್ಯಾಸಿಯಂ 5.8 ಇತ್ತು, ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕು. ತುಂಬಾ ಏರಿದ್ರೆ ಹೃದಯದ ಬಡಿತವೇ ತಪ್ಪಬಹುದು.

ಆಗಿದ್ದೇನು ಗೊತ್ತಾ? ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ. ಮೂತ್ರಪಿಂಡಕ್ಕೆ ಹೋಗೋ ರಕ್ತವನ್ನೂ ಕಡಿಮೆ ಮಾಡುತ್ತವೆ. ಅಪ್ಪ ಮೊದಲೇ ಟೆಲ್ಮಿಸಾರ್ಟಾನ್ ಮತ್ತು ನೀರಿನ ಮಾತ್ರೆ ತಗೊಳ್ತಿದ್ರು. ಮೂರೂ ಸೇರಿದ್ರೆ ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು. ಇನ್ನೊಂದು ನೀರಿನ ಮಾತ್ರೆ ಹಾಕಿದ್ದರೆ ಕೆಟ್ಟದ್ದೇ ಆಗ್ತಿತ್ತು.

ನೀರಿನ ಮಾತ್ರೆ ಅಂದ್ರೆ ಮೂತ್ರದ ಮೂಲಕ ಉಪ್ಪು, ನೀರು ಹೊರಹಾಕೋ ಔಷಧಿ, ಅಂದ್ರೆ ಡೈಯುರೆಟಿಕ್. ಎಲ್ಲವೂ ಒಂದೇ ಅಲ್ಲ. ಹೆಚ್ಚು ಬಳಕೆಯಲ್ಲಿರೋದು ಮೂರು ಬಗೆ.

ಮೊದಲನೆಯದು ಲೂಪ್ ಡೈಯುರೆಟಿಕ್: ಫ್ಯುರೋಸೆಮೈಡ್ (ಲ್ಯಾಸಿಕ್ಸ್), ಟಾರ್ಸೆಮೈಡ್ (ಡೈಟಾರ್). ಇವು ಬಲವಾದವು. ಹೃದಯ, ಮೂತ್ರಪಿಂಡ, ಲಿವರ್ ತೊಂದರೆಯಿಂದ ನೀರು ತುಂಬಿಕೊಂಡವರಿಗೆ ಕೊಡ್ತಾರೆ. ಫ್ಯುರೋಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು, ಸುಮಾರು 6 ಗಂಟೆ ನಡೆಯುತ್ತೆ. ನೀರಿನ ಜೊತೆ ಪೊಟ್ಯಾಸಿಯಂ, ಸೋಡಿಯಂ ಕೂಡ ಹೋಗುತ್ತೆ.

ಎರಡನೆಯದು ಥಯಾಜೈಡ್ ಗುಂಪು: ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್. ಮುಖ್ಯವಾಗಿ ಬಿಪಿಗೆ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಅಥವಾ ‘ಸಿಟಿ’ ಅಂತಿದ್ರೆ ಸಾಮಾನ್ಯವಾಗಿ ಅದರೊಳಗೆ ಈ ಗುಂಪಿನದೊಂದು ಇರುತ್ತೆ. “ನಮ್ಮಮ್ಮ ನೀರಿನ ಮಾತ್ರೆ ತಗೊಳ್ಳಲ್ಲ” ಅನ್ನೋ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರಲ್ಲ. ವಯಸ್ಸಾದವರಲ್ಲಿ ಇದರಿಂದ ಸೋಡಿಯಂ ಇಳಿದು ತಲೆ ಸುತ್ತು, ಗಲಿಬಿಲಿ ಬರಬಹುದು. ಯೂರಿಕ್ ಆಸಿಡ್ ಏರಿ ಹೆಬ್ಬೆರಳ ಕೀಲು ಊದಬಹುದು. ಶುಗರ್ ಕೂಡ ಸ್ವಲ್ಪ ಏರಬಹುದು.

ಮೂರನೆಯದು ಪೊಟ್ಯಾಸಿಯಂ ಉಳಿಸೋ ಗುಂಪು: ಸ್ಪೈರನೋಲ್ಯಾಕ್ಟೋನ್ (ಆಲ್ಡಾಕ್ಟೋನ್), ಎಪ್ಲೆರಿನೋನ್, ಅಮಿಲೋರೈಡ್. ಇಲ್ಲಿ ಭಯ ಉಲ್ಟಾ, ಪೊಟ್ಯಾಸಿಯಂ ಏರುತ್ತೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಜೊತೆಗಿದ್ರೆ ಇನ್ನೂ ಹೆಚ್ಚು. ಇಂಥವರು ದಿನಾ ಎಳನೀರು ಕುಡಿಯೋ ಮುಂಚೆ, ‘ಲೋ ಸೋಡಿಯಂ’ ಉಪ್ಪಿಗೆ ಬದಲಾಗೋ ಮುಂಚೆ ಡಾಕ್ಟರನ್ನು ಕೇಳಬೇಕು. ಆ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತೆ. ಸ್ಪೈರನೋಲ್ಯಾಕ್ಟೋನ್‌ನಿಂದ ಕೆಲವು ಗಂಡಸರಿಗೆ ಎದೆ ಊದಿ ನೋಯುತ್ತೆ. ನಾಚಿಕೆಯಿಂದ ಸುಮ್ಮನಿರಬೇಡಿ, ಬದಲಿ ಔಷಧಿ ಇದೆ.

ಡೈಟಾರ್ ಪ್ಲಸ್, ಲ್ಯಾಸಿಲ್ಯಾಕ್ಟೋನ್‌ನಂಥವು ಮೊದಲನೆಯದನ್ನೂ ಮೂರನೆಯದನ್ನೂ ಸೇರಿಸಿ ಮಾಡಿದ ಮಾತ್ರೆಗಳು. ಆ ಹುಡುಗನ ಅಪ್ಪ ತಗೊಳ್ತಿದ್ದದ್ದು ಇಂಥದ್ದೇ.

ಇನ್ನು ಊತ ಕಂಡ ತಕ್ಷಣ ನೀರಿನ ಮಾತ್ರೆಯೇ ಮದ್ದು ಅಲ್ಲ. ಬಿಪಿಗೆ ಕೊಡೋ ಆಮ್ಲೋಡಿಪಿನ್‌ನಿಂದಲೂ ಪಾದ ಊದುತ್ತೆ, ಅದಕ್ಕೆ ನೀರಿನ ಮಾತ್ರೆ ಅಷ್ಟಾಗಿ ನಾಟಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯ್ತಿದ್ರೆ ಮೆಡಿಕಲ್‌ಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಪಾಲಿಸೋಕೆ ಇಷ್ಟು ನೆನಪಿರಲಿ:

• ಮಾತ್ರೆ ಬೆಳಿಗ್ಗೆಯೇ ಇರಲಿ. ದಿನಕ್ಕೆ ಎರಡು ಬರೆದಿದ್ರೆ ಎರಡನೆಯದು ಮಧ್ಯಾಹ್ನ ಅಥವಾ 4 ಗಂಟೆಯೊಳಗೆ. ರಾತ್ರಿ ನುಂಗಿದ್ರೆ ಕತ್ತಲಲ್ಲಿ ಎದ್ದು ಹೋಗಿ ಬೀಳ್ತಾರೆ.

• ಹೃದಯದ ತೊಂದರೆ ಇದ್ರೆ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಏರಿದ್ರೆ ಅದು ಕೊಬ್ಬಲ್ಲ, ನೀರು. ಡಾಕ್ಟರಿಗೆ ಹೇಳಿ.

• ವಾಂತಿ, ಭೇದಿ, ಜೋರು ಜ್ವರ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆ ಕೆಲವು ದಿನ ನಿಲ್ಲಿಸಬೇಕಾಗಬಹುದು.

• ಹೊಸದಾಗಿ ಶುರು ಮಾಡಿದಾಗ, ಡೋಸ್ ಬದಲಾದಾಗ ಒಂದೆರಡು ವಾರದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

• ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ನಮ್ಮೂರ ಪಾನಿಪುರಿ ನೀರು ತಿಳಿಯಾಗಿದೆ ಅಂತ ಅದರಲ್ಲಿ ಉಪ್ಪಿಲ್ಲ ಅಂದ್ಕೋಬೇಡಿ!

ಇನ್ನೊಂದು ಮಾತು. ಬೆಂಗಳೂರಿಗೆ ಹೋಗೋ ದಿನ ಬಹಳಷ್ಟು ಹಿರಿಯರು ಈ ಮಾತ್ರೆ ಬಿಟ್ಟುಬಿಡ್ತಾರೆ. ರೈಲಲ್ಲಿ, ಬಸ್ಸಲ್ಲಿ ಪದೇಪದೇ ಮೂತ್ರ ಬಂದ್ರೆ ಏನ್ ಮಾಡೋದು ಅನ್ನೋ ಸಂಕಟ, ಹೆಂಗಸರಿಗಂತೂ ಇನ್ನೂ ಕಷ್ಟ. ಬಿಟ್ಟಿದ್ದನ್ನು ಮಕ್ಕಳಿಗೆ ಹೇಳೋದೂ ಇಲ್ಲ, ಎರಡು ದಿನ ಬಿಟ್ಟ ಮೇಲೆ ರಾತ್ರಿ ಮಲಗಿದ್ರೆ ಉಸಿರು ಕಟ್ಟುತ್ತೆ. ಬಿಡೋ ಬದಲು, ಊರು ಮುಟ್ಟಿದ ಮೇಲೆ ಮಧ್ಯಾಹ್ನ ತಗೊಳ್ಳಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಆ ಅಪ್ಪನಿಗೆ ಡೈಕ್ಲೋಫೆನಾಕ್ ನಿಲ್ಲಿಸಿ, ಮಂಡಿಗೆ ಪ್ಯಾರಾಸಿಟಮಾಲ್ ಕೊಟ್ರು. ನೀರಿನ ಮಾತ್ರೆಯನ್ನೂ ಡಾಕ್ಟರೇ ಬದಲಿಸಿದ್ರು. ಹತ್ತು ದಿನಕ್ಕೆ ಮಗನ ಬೈಕಲ್ಲಿ ಅಂಗಡಿಗೇ ಬಂದ್ರು. “ಗಣಿ ಒಳಗೆ ಇದ್ದಾಗ ಆ ಸೆಕೆಗೆ ಬೆವರಲ್ಲೇ ಎಲ್ಲಾ ಹೋಗ್ತಿತ್ತಮ್ಮ, ಮಾತ್ರೆ ಬೇಕಿರಲಿಲ್ಲ” ಅಂತ ನಕ್ಕರು. ಮಗ ನಗಲಿಲ್ಲ, ಜೇಬಿಂದ ಒಂದು ಚೀಟಿ ತೆಗೆದು ತೋರಿಸಿದ: ಅಪ್ಪನ ಎಲ್ಲಾ ಮಾತ್ರೆಗಳ ಹೆಸರು, ಡೋಸು, ಹೊತ್ತು, ಕೆಳಗೆ ದಿನದಿನದ ತೂಕ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ “ಊಟ ಆಯ್ತಾ?” ಅಂತ ಕೇಳಿದ ಮೇಲೆ ಇನ್ನೊಂದು ಕೇಳಿ: “ಯಾವ್ಯಾವ ಮಾತ್ರೆ ತಗೊಳ್ತಿದೀರಾ? ಎಲ್ಲದರ ಫೋಟೊ ಕಳಿಸಿ.” ಹೆಸರಿರೋ ತುದಿ ಕಾಣೋ ಹಾಗೆ.