ಹೆಚ್ಚಿದರೆ ಸಾಕೇ ನಿರೋಧಕ ಶಕ್ತಿ?

ಕೊರೊನಾ ಬಂದು ಹೋದ ಮೇಲೆ ಕಷಾಯದ ಪುಡಿಗೂ ಒಂದೇ ಜಾಹೀರಾತು, ಬಿಸ್ಕತ್ತಿಗೂ ಒಂದೇ: ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ! ಹೆಚ್ಚಿದಷ್ಟೂ ಒಳ್ಳೆಯದು ಎಂದು ನಾವೂ ನಂಬಿದ್ದೇವೆ. ಈ ನಂಬಿಕೆಯನ್ನು ಅಲುಗಾಡಿಸುವ ಜೀವಿಯೊಂದು ನಮ್ಮ ಕೊಟ್ಟಿಗೆಗಳಲ್ಲೇ ಇದೆ. ಹೆಸರು ಥೈಲೇರಿಯಾ ಆನ್ಯುಲೇಟಾ. ಉಣ್ಣೆಯ ಎಂಜಲಿನಲ್ಲಿ ಹಸುವಿನ ಮೈಗೆ ದಾಟುವ ಏಕಕೋಶ ಪರಾವಲಂಬಿ.

ನಾಟಿ ದನ ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಎಚ್‌ಎಫ್, ಜರ್ಸಿ ಮಿಶ್ರತಳಿ ಹಸು ಮಲಗಿಬಿಡುತ್ತದೆ. ವಿಪರೀತ ಜ್ವರ, ಹಾಲು ಇಳಿಮುಖ, ಭುಜದ ಮುಂದೆ ಊದಿಕೊಂಡ ದುಗ್ಧಗ್ರಂಥಿ. ಪಶುವೈದ್ಯರು ಆ ಗಂಟಿಗೆ ಸೂಜಿ ಚುಚ್ಚಿ ತೆಗೆದ ಹನಿಯನ್ನು ಗಾಜಿನ ಮೇಲೆ ಸವರಿ, ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬಿಳಿರಕ್ತಕಣದ ಒಳಗೆ ತಿಳಿನೀಲಿ ಮಚ್ಚೆ, ಅದರ ತುಂಬ ಕೆನ್ನೇರಳೆ ಚುಕ್ಕಿಗಳು ಕಾಣುತ್ತವೆ. ರೋಗಾಣುವನ್ನು ಕೊಲ್ಲಬೇಕಾದ ಕಣವೇ ಅದಕ್ಕೆ ಮನೆಯಾಗಿದೆ.

ಬಿಳಿರಕ್ತಕಣ ತನ್ನಿಷ್ಟಕ್ಕೆ ತಾನು ವೃದ್ಧಿಯಾಗುವಂತಿಲ್ಲ. ಹೊರಗಿನಿಂದ ಸಂಕೇತ ಬರಬೇಕು. ಒಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಇನ್ನೊಂದು ಪ್ರೋಟೀನು ಕಟ್ಟಿಹಾಕಿರುತ್ತದೆ. ಸಂಕೇತ ಬಂದಾಗ ಐಕೆಕೆ ಎಂಬ ಕಿಣ್ವಗಳ ಗುಂಪು ಆ ಕಟ್ಟು ಬಿಚ್ಚುತ್ತದೆ. ಬಿಡುಗಡೆಯಾದದ್ದು ಕೋಶಕೇಂದ್ರಕ್ಕೆ ಹೋಗಿ ಸಾಯದಂತೆ ಕಾಯುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ಕೆಲಸ ಮುಗಿದೊಡನೆ ಮತ್ತೆ ಕಟ್ಟು. ಥೈಲೇರಿಯಾ ಇದರಲ್ಲಿ ಏನನ್ನೂ ಮುರಿಯುವುದಿಲ್ಲ. ಐಕೆಕೆ ಗುಂಪನ್ನು ತನ್ನ ಮೈಮೇಲೇ ಸೇರಿಸಿಕೊಂಡು ಸದಾ ದುಡಿಸುತ್ತದೆ, ಅಷ್ಟೆ. ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿ ಮರೆತಂತೆ: ಬಾವಿ ಬತ್ತಿದರೂ ಮೋಟಾರು ನಿಲ್ಲದು.

ಕಣ ಸಾಯುವುದಿಲ್ಲ, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇರುತ್ತದೆ. ಥೇಟ್ ಕ್ಯಾನ್ಸರ್. ಇನ್ನೂ ಚಾಲಾಕಿತನವೆಂದರೆ, ಕಣ ಇಬ್ಭಾಗವಾಗುವಾಗ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯುವ ತಂತುಗಳಿಗೇ ಪರಾವಲಂಬಿ ಅಂಟಿಕೊಳ್ಳುತ್ತದೆ. ತಾಯಿಕಣದ ಆಸ್ತಿ ಭಾಗವಾದಾಗ ತಾನೂ ಪಾಲಾಗಿ ಎರಡೂ ಮರಿಕಣಗಳಿಗೆ ಸೇರುತ್ತದೆ. ಜತೆಗೆ ಸೋಂಕಿತ ಕಣಗಳು ಸುತ್ತಲಿನ ಟಿ-ಕಣಗಳೆಂಬ ಬಿಳಿರಕ್ತಕಣಗಳನ್ನು ಹೊತ್ತುಗೊತ್ತಿಲ್ಲದೆ ಕೆರಳಿಸುತ್ತವೆ. ಗುರಿ ಗೊತ್ತಿಲ್ಲದ ಈ ಗದ್ದಲದಲ್ಲಿ ನಿಜವಾದ ಶತ್ರುವನ್ನು ಗುರುತಿಸಬೇಕಾದ ಕಣಗಳು ಹಿಂದೆ ಬೀಳುತ್ತವೆ. ಹಸುವನ್ನು ಹಣ್ಣು ಮಾಡುವುದರಲ್ಲಿ ಪರಾವಲಂಬಿಯ ಜತೆ ಈ ಗದ್ದಲಕ್ಕೂ ಪಾಲಿದೆ.

ಬುಪಾರ್ವಾಕ್ವೋನ್ ಎಂಬ ಔಷಧವನ್ನು ಬೇಗ ಕೊಟ್ಟರೆ ಹಸು ಸಾಮಾನ್ಯವಾಗಿ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಇದೇ ಔಷಧ ಹಾಕಿ ಪರಾವಲಂಬಿಯನ್ನು ಕೊಂದರೆ, ಅಮರವೆನಿಸಿದ್ದ ಆ ಕಣಗಳು ವೃದ್ಧಿ ನಿಲ್ಲಿಸಿ ಸಾಯುತ್ತವೆ. ಮಾಮೂಲಿ ಕ್ಯಾನ್ಸರಿನಲ್ಲಿ ಕೆಡುವುದು ವಂಶವಾಹಿ. ಇಲ್ಲಿ ಕೆಟ್ಟದ್ದು ಆಜ್ಞೆ ಮಾತ್ರ. ಆಜ್ಞೆ ಕೊಡುವವ ಹೋದರೆ ಆಟ ಮುಗಿಯಿತು. ಕ್ಯಾನ್ಸರ್ ಸಂಶೋಧಕರು ಈ ದನದ ರೋಗದತ್ತ ಕಣ್ಣಿಟ್ಟಿರುವುದು ಇದಕ್ಕೇ.

ಹಾಗಾದರೆ ದೇಸಿ ದನ ಬದುಕುವುದು ಹೇಗೆ? ದೇಸಿ ತಳಿಯಾದ ಸಾಹಿವಾಲ್ ಕರುಗಳನ್ನೂ ವಿದೇಶಿ ತಳಿಯಾದ ಹೋಲ್‌ಸ್ಟೀನ್ ಕರುಗಳನ್ನೂ ಸೋಂಕಿಗೆ ಒಡ್ಡಿ ಹೋಲಿಸಿದವರಿಗೆ ಕಂಡದ್ದು ನಮ್ಮ ಜಾಹೀರಾತುಗಳಿಗೆ ತದ್ವಿರುದ್ಧ. ಬದುಕುಳಿದ ಸಾಹಿವಾಲ್‌ಗಳಲ್ಲಿ ಜ್ವರ ಕಡಿಮೆ, ರಕ್ತದಲ್ಲಿ ಉರಿಯೂತದ ಪ್ರೋಟೀನುಗಳೂ ಕಡಿಮೆ. ಅವು ಹೆಚ್ಚು ಜೋರಾಗಿ ಹೋರಾಡಿ ಗೆದ್ದವಲ್ಲ. ಹದ ತಪ್ಪದೆ ಉಳಿದವು. ನಿರೋಧಕ ಶಕ್ತಿಗೆ ಎದ್ದು ನಿಲ್ಲುವ ಕಸುವು ಎಷ್ಟು ಮುಖ್ಯವೋ ಸುಮ್ಮನಾಗುವ ವಿವೇಕವೂ ಅಷ್ಟೇ ಮುಖ್ಯ. ಲೀಟರುಗಳ ಲೆಕ್ಕದಲ್ಲಿ ತಳಿ ಆರಿಸಿದ ನಾವು ಈ ಗುಣವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಮುಂದಿನ ತಳಿ ಆಯ್ಕೆಯಲ್ಲಿ ಹಾಲಿನ ಪಕ್ಕಕ್ಕೆ ಇದನ್ನೂ ಬರೆದುಕೊಂಡರೆ ಔಷಧದ ಖರ್ಚೂ ಉಳಿದೀತು, ಹಸುವೂ ಉಳಿದೀತು.