ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ ಯಾವ ಹೀರೋ ಬರ್ತಾನೆ?



ಕನ್ನಡ ಚಿತ್ರರಂಗ ವಿಮಾನ ಹತ್ತಿ ಎಷ್ಟೋ ವರ್ಷವಾಯ್ತು. 1978ರಲ್ಲೇ ವಿಷ್ಣುವರ್ಧನ್-ದ್ವಾರಕೀಶ್ ಜೋಡಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಮಾಡಿ, ಸಿಂಗಾಪುರವನ್ನೇ ನಮ್ಮೂರ ಟೆಂಟಿಗೆ ತಂದು ತೋರಿಸಿದರು. ಈಗಂತೂ ಒಂದು ಡ್ಯೂಯೆಟ್‌ಗೋಸ್ಕರ ಹೊರದೇಶಕ್ಕೆ ಹಾರೋದು ಮಾಮೂಲು. ನಾಯಕ-ನಾಯಕಿ ಕುಣಿಯೋದನ್ನ ನೋಡಿ ನೀವು ಶಿಳ್ಳೆ ಹೊಡೀತೀರಿ. ಆದರೆ ಅವರ ಮುಖಕ್ಕೆ ಬೆಳಕು ಹಿಡಿದು ನಿಂತವನ ಕಥೆ ಯಾರು ಬರೀತಾರೆ? ಈ ವಾರ ಅವನದೇ ಕಥೆ.

ಮೊನ್ನೆ ಗಾಂಧಿನಗರದ ಹೋಟೆಲಿನಲ್ಲಿ ಬೈಟು ಕಾಫಿ ಕುಡೀತಾ ಒಬ್ಬ ಲೈಟ್ ಬಾಯ್ ಸಿಕ್ಕಿದ. 'ಹೆಸರು ಹಾಕ್ಬೇಡಿ ಅಣ್ಣಾ, ಕೆಲಸ ಹೋಗುತ್ತೆ' ಅಂದ. ಹಾಕಲ್ಲ ಬಿಡಿ.

ಹಾಡಿನ ಶೂಟಿಂಗ್‌ಗೆ ಬ್ಯಾಂಕಾಕ್‌ಗೆ ಹೋಗಿದ್ದನಂತೆ. ಶನಿವಾರ ಸಂಜೆ ಪ್ಯಾಕಪ್. ತಂಗಿಗೆ ಒಂದು ಬ್ಯಾಗ್ ಕೊಳ್ಳೋಣ ಅಂತ ಸಂತೆಗೆ ಹೋದವನ ಬ್ಯಾಗೇ ಮಾಯ! ಅದರಲ್ಲೇ ಪಾಸ್‌ಪೋರ್ಟು, ದುಡ್ಡು ಎಲ್ಲ. ಮರುದಿನ ಯೂನಿಟ್ ವಾಪಸ್ ಹೊರಡಬೇಕು. ಪ್ರೊಡಕ್ಷನ್ ಮ್ಯಾನೇಜರ್ ಕೈಗೆ ಒಂದಿಷ್ಟು ದುಡ್ಡಿಟ್ಟು, 'ನೀನು ಹಿಂದಿನಿಂದ ಬಾರಪ್ಪಾ' ಅಂತ ಬೆನ್ನು ತಟ್ಟಿ ವಿಮಾನ ಹತ್ತಿಬಿಟ್ಟರು. ಇಂಗ್ಲಿಷ್ ಬಾರದು, ಊರಿನ ಭಾಷೆ ಗೊತ್ತಿಲ್ಲ. ಹುಡುಗ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಅತ್ತನಂತೆ.

'ಎಂಬೆಸಿಗೆ ಹೋಗ್ಬೇಕಿತ್ತಲ್ಲೋ?' ಅಂದೆ.

'ಅದು ದೊಡ್ಡೋರ ಆಫೀಸು ಅಂದ್ಕೊಂಡಿದ್ದೆ ಅಣ್ಣಾ. ನಮ್ಮಂಥೋರನ್ನ ಒಳಗೆ ಬಿಡ್ತಾರಾ ಅಂತ ಹೆದರಿಕೆ.'

ನೋಡಿ, ಇಲ್ಲೇ ಇರೋದು ತೊಂದರೆ! ನಮ್ಮ ಪಾಸ್‌ಪೋರ್ಟಿನ ಒಳಪುಟದಲ್ಲಿ ಭಾರತದ ರಾಷ್ಟ್ರಪತಿಗಳ ಹೆಸರಿನಲ್ಲೇ ಒಂದು ಮಾತು ಅಚ್ಚಾಗಿದೆ. ಇದನ್ನು ಹಿಡಿದವನನ್ನು ತಡೆಯದೆ ಓಡಾಡಲು ಬಿಡಿ, ಬೇಕಾದ ನೆರವು, ರಕ್ಷಣೆ ಕೊಡಿ ಅನ್ನೋದು ಅದರ ಅರ್ಥ. ಸ್ಟಾರ್ ಪಾಸ್‌ಪೋರ್ಟಿನಲ್ಲೂ ಅದೇ, ಲೈಟ್ ಬಾಯ್ ಪಾಸ್‌ಪೋರ್ಟಿನಲ್ಲೂ ಅದೇ!

ಕೊನೆಗೆ ಲಾಡ್ಜಿನ ಪುಣ್ಯಾತ್ಮನೊಬ್ಬ ಪೊಲೀಸ್ ಸ್ಟೇಷನ್‌ಗೆ ಕರೆದುಕೊಂಡು ಹೋಗಿ ದೂರು ಬರೆಸಿದ. ಊರಿನಲ್ಲಿ ಅಕ್ಕ ಟ್ರಂಕಿನಿಂದ ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆದು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಳು. ಸೋಮವಾರ ದೂರಿನ ಪ್ರತಿ, ಜೆರಾಕ್ಸ್, ಫೋಟೋ ಹಿಡಿದು ನಮ್ಮ ರಾಯಭಾರ ಕಚೇರಿಗೆ ಹೋದ. ಅವರು ಇವನು ಭಾರತೀಯ ಹೌದೋ ಅಲ್ಲವೋ ತಾಳೆ ನೋಡಿ, 'ಎಮರ್ಜೆನ್ಸಿ ಸರ್ಟಿಫಿಕೇಟ್' ಕೊಟ್ಟರು. ಊರಿಗೆ ಬರೋಕೆ ಮಾತ್ರ, ಒಂದೇ ಪ್ರಯಾಣಕ್ಕೆ ನಡೆಯೋ ಕಾಗದ ಅದು. ಹೊರಡೋ ಮುಂಚೆ ಅಲ್ಲಿನ ಇಮಿಗ್ರೇಷನ್‌ನವರ ಒಪ್ಪಿಗೆಯೂ ಆಯ್ತು. ಗುರುವಾರ ಬೆಂಗಳೂರು!

ಹಾಗಂತ ರಾಯಭಾರ ಕಚೇರಿಯವರು ಹೆಲಿಕಾಪ್ಟರ್‌ನಿಂದ ಹಗ್ಗ ಇಳಿಸ್ತಾರೆ ಅಂದ್ಕೋಬೇಡಿ. ಹೊಡೆದಾಟ ಮಾಡಿ ಸಿಕ್ಕಿಬಿದ್ದರೆ ಜೈಲಿನ ಬಾಗಿಲು ತೆರೆಸೋ ಅಧಿಕಾರ ಅವರಿಗಿಲ್ಲ. ಆ ದೇಶದ ಕಾನೂನು ಆ ದೇಶದ್ದು. ಆದರೆ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಹಿಡಿದ ಪೊಲೀಸರು 'ನಿನ್ನ ದೇಶದ ಕಚೇರಿಗೆ ತಿಳಿಸಲೇ?' ಅನ್ನೋ ಹಕ್ಕನ್ನು ನಿಮಗೆ ಹೇಳಬೇಕು. ನೀವು ಹೂಂ ಅಂದರೆ ತಡಮಾಡದೆ ತಿಳಿಸಬೇಕು. ನಮ್ಮ ಅಧಿಕಾರಿ ಬಂದು ನಿಮ್ಮನ್ನು ನೋಡಬಹುದು, ವಕೀಲರ ವ್ಯವಸ್ಥೆಗೆ ನೆರವಾಗಬಹುದು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಈ ವಿಧಿ ಮುರಿದಿದೆ ಅಂತ 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೇ ತೀರ್ಪು ಕೊಟ್ಟಿತು. ಆದ್ದರಿಂದ ಬಾಯಿ ಬಿಟ್ಟು ಕೇಳಿ!

ದುಡ್ಡಿನ ವಿಷಯ? ಎಲ್ಲರಿಗೂ ಟಿಕೆಟ್ ತೆಗೆಸಿಕೊಡಲ್ಲ. ನಿಜಕ್ಕೂ ಗತಿಯಿಲ್ಲದವರಿಗೆ ಊಟ-ವಸತಿ, ತುರ್ತು ಚಿಕಿತ್ಸೆ, ವಾಪಸ್ ಟಿಕೆಟ್‌ಗೆ ನೆರವಾಗಲು 2009ರಲ್ಲಿ ಸರ್ಕಾರ ಭಾರತೀಯ ಸಮುದಾಯ ಕಲ್ಯಾಣ ನಿಧಿ ಮಾಡಿದೆ. ವಿಚಾರಿಸಿ ನೋಡಿ ಕೊಡ್ತಾರೆ.

ಅಕ್ಷಯ್ ಕುಮಾರ್ ಅವರ 'ಏರ್‌ಲಿಫ್ಟ್' (2016) ನೋಡಿದ್ದೀರಲ್ಲ? 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗಿನ ಕಥೆ. ಪರದೆ ಮೇಲೆ ಒಬ್ಬ ವ್ಯಾಪಾರಿಯೇ ಎಲ್ಲರನ್ನೂ ಪಾರು ಮಾಡ್ತಾನೆ. ಆ ಪಾತ್ರ ಕಲ್ಪನೆಯದು. ನಿಜದಲ್ಲಿ ಅಲ್ಲಿನ ಭಾರತೀಯರೇ ಒಗ್ಗಟ್ಟಾದರು, ನಮ್ಮ ಅಧಿಕಾರಿಗಳು ಓಡಾಡಿದರು, ಜೋರ್ಡಾನ್‌ನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತು ತಂದವು. ನಮ್ಮನ್ನು ಕೈಲಾಗದವರ ಹಾಗೆ ತೋರಿಸಿದ್ದಾರೆ ಅಂತ ವಿದೇಶಾಂಗ ಇಲಾಖೆಯ ಹಳಬರು ಮುನಿಸಿಕೊಂಡಿದ್ದರಲ್ಲಿ ಆಶ್ಚರ್ಯವೇನು?

ಗಲ್ಫ್‌ಗೆ ಹೊರಟು ನಿಂತಿರೋ ತಮ್ಮಂದಿರೇ, ಪಿಯುಸಿಗೇ ಕೈ ಮುಗಿದ ನಾನು ಹೇಳ್ತೀನಿ, ಕೇಳಿ. ಪಾಸ್‌ಪೋರ್ಟಿನ ಒಂದು ಜೆರಾಕ್ಸ್ ಮನೆಯಲ್ಲಿರಲಿ, ಇನ್ನೊಂದು ನಿಮ್ಮ ಪೆಟ್ಟಿಗೆಯಲ್ಲಿರಲಿ. ಹೋಗೋ ದೇಶದ ನಮ್ಮ ಕಚೇರಿಯ ತುರ್ತು ನಂಬರನ್ನು ಫೋನ್‌ನಲ್ಲೂ ಹಾಕ್ಕೊಳ್ಳಿ, ಚೀಟಿಯಲ್ಲೂ ಬರ್ಕೊಳ್ಳಿ. ಫೋನೇ ಕಳೆದರೆ? ಇನ್ನೊಂದು ಮಾತು: 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಕಂಪನಿಯ ಮಾಲೀಕ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಸುಮ್ಮನಿರಬೇಡಿ, ನಮ್ಮ ಕಚೇರಿಗೆ ದೂರು ಕೊಡಿ.

ಅಂದಹಾಗೆ, ಆ ಹುಡುಗ ಈಗ ಹೊಸ ಪಾಸ್‌ಪೋರ್ಟ್ ಮಾಡಿಸಿದ್ದಾನೆ. ಮುಂದಿನ ಶೂಟಿಂಗ್ ದುಬೈಯಂತೆ. 'ಹೆದರಿಕೆ ಇಲ್ವೇನೋ?' ಅಂದೆ. ಜೇಬಿನಿಂದ ಚೀಟಿ ತೆಗೆದು ತೋರಿಸಿದ. ನಂಬರ್ ಬರೆದಿತ್ತು.

ನಿಮ್ಮ ಜೇಬಿನಲ್ಲಿದೆಯಾ? ಮುಂದಿನ ವಾರ ಸಿಗೋಣ.