ಆಟ ನೋಡೋರು ಯಾರು?

ದಟ್ಟಗಳ್ಳಿಯಲ್ಲಿ ನಮ್ಮ ಜೊತೆ ಫುಟ್‌ಬಾಲ್ ಆಡ್ತಿದ್ದ ಗೋಲ್‌ಕೀಪರ್ ಒಬ್ಬ ಪಿಯುಸಿಗೆ ಬಂದ ಕೂಡ್ಲೇ ಆಟ ಬಿಟ್ಟ. "ಸಿಇಟಿ ಇದೆಯಲ್ಲ ಮಗಾ" ಅಂದ. ತಪ್ಪು ಅವನದಲ್ಲ.

ಅಮೆರಿಕದಲ್ಲಿ ಕಾಲೇಜು ಕೋಚ್‌ಗಳೇ ಹೈಸ್ಕೂಲ್ ಹುಡುಗರ ಆಟ ನೋಡೋಕೆ ಹೋಗ್ತಾರೆ. ಹತ್ತನೇ ಕ್ಲಾಸ್ ಮುಗಿದ ಜೂನ್ 15ರಿಂದ ಡಿವಿಷನ್ 1 ಕೋಚ್‌ಗಳು ನೇರವಾಗಿ ಮಾತಾಡಬಹುದು. ನಮ್ಮಲ್ಲಿ ಕೆಇಎ ಕ್ರೀಡಾ ಕೋಟಾ ನೋಡೋದು ಸರ್ಟಿಫಿಕೇಟನ್ನ. ಓಟಗಾರರಿಗೆ ಅದು ಸರಿ, ಗಡಿಯಾರದ ಲೆಕ್ಕ ಇರುತ್ತೆ. ಆದ್ರೆ ಸೋತ ತಂಡದ ಒಳ್ಳೇ ಕೀಪರ್‌ಗೆ ಪದಕ ಎಲ್ಲಿಂದ ಬರ್ಬೇಕು?

ದೆಹಲಿ ವಿಶ್ವವಿದ್ಯಾಲಯ ಸರ್ಟಿಫಿಕೇಟ್ ಜೊತೆಗೆ ಟ್ರಯಲ್‌ಗೂ ಅಂಕ ಕೊಡುತ್ತೆ. ಇಲ್ಲೂ ಹಾಗೇ ಆಡಿಸಿ ನೋಡ್ಲಿ. ಈಗ ನಾವು ಮಾಡ್ತಿರೋದೇನು? ವಿಟಿಯು ಟೂರ್ನಿ ಹತ್ತಿರ ಬಂದಾಗ "ಯಾರಾದ್ರೂ ಕೀಪರ್ ಇದ್ದೀರಾ?" ಅಂತ ಹಾಸ್ಟೆಲ್ ಗ್ರೂಪಲ್ಲಿ ಮೆಸೇಜ್ ಹಾಕೋದು.